ಒಂದು ಕ್ರಾಸ್, ಅದರ ಮೇಲೊಂದು ಪಟ್ಟಿ

ನಾನು ಆಗ್ನೇಯ ರೈಲ್ವೆಯ ಆಸ್ಪತ್ರೆಯಲ್ಲಿ ವೈದ್ಯನಾಗಿ ದುಡಿದವನು. ನಮ್ಮ ರೈಲ್ವೆಯ ಮೂಲ ಬಂಗಾಳ-ನಾಗಪುರ ರೈಲ್ವೆ. ಹಳಬರ ಬಾಯಲ್ಲಿ ಇಂದಿಗೂ ಅದು ಬಿಎನ್‌ಆರ್. ಆ ಬಿಎನ್‌ಆರ್‌ನಲ್ಲಿ ವೈದ್ಯಾಧಿಕಾರಿಯಾಗಿದ್ದ ಆರ್ಥರ್ ಮಾರ್ಟಿನ್-ಲೀಕ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಎರಡು ಸಲ ಸಿಕ್ಕಿತ್ತು, ಹಾಗೆ ಎರಡು ಸಲ ಪಡೆದವರಲ್ಲಿ ಅವರೇ ಮೊದಲಿಗರು ಎಂದು ನನಗೆ ಗೊತ್ತಾದದ್ದು ನಿವೃತ್ತಿಯ ಹೊಸ್ತಿಲಲ್ಲಿ. ನಮ್ಮ ಮನೆಯ ಹಿರಿಯರೊಬ್ಬರ ವಿಷಯ ತಡವಾಗಿ ತಿಳಿದಂತಾಯಿತು. ಅವರ ಸೇವೆಯ ಕಥೆಯನ್ನು ನಾನೇ ದಾಖಲೆಗಳಿಂದ ಜೋಡಿಸಬೇಕೆಂದು ಕೂತೆ.

ಶುರು ಮಾಡಿದ್ದು ಲಂಡನ್ ಗೆಜೆಟ್‌ನಿಂದ. ಅದು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ, ಇಂಥ ಪದಕಗಳ ಪ್ರಕಟಣೆ ಬರುವುದು ಅದರಲ್ಲೇ. ಅದರ ಹಳೆಯ ಸಂಚಿಕೆಗಳನ್ನು ಮನೆಯಲ್ಲೇ ಕೂತು ಉಚಿತವಾಗಿ ಓದಬಹುದು. ಪೂರ್ತಿ ಹೆಸರು ಕೊಟ್ಟು ಎರಡು ಸಂಜೆ ಹುಡುಕಿದರೂ ಏನೂ ಸಿಗಲಿಲ್ಲ. ಅಡ್ಡಗೆರೆ ಬಿಟ್ಟು, ‘ಲೀಕ್’ ಎಂದಷ್ಟೇ ಕೊಟ್ಟು, ತಿಂಗಳನ್ನೂ ಗೊತ್ತುಮಾಡಿಕೊಂಡ ಮೇಲೆ ಪುಟ ತೆರೆಯಿತು: 1902ರ ಮೇ 13. ಮೊದಲ ಕ್ರಾಸ್ ತಂದ ಘಟನೆ ನಡೆದದ್ದು ಅದೇ ವರ್ಷದ ಫೆಬ್ರವರಿ 8ರಂದು, ದಕ್ಷಿಣ ಆಫ್ರಿಕದ ವ್ಲಾಕ್‌ಫಾಂಟೈನ್‌ನಲ್ಲಿ. ಈ ಎರಡು ದಿನಾಂಕಗಳನ್ನು ನಾನು ಮೊದಲು ಒಂದಕ್ಕೊಂದು ಬೆರೆಸಿ ಬರೆದುಕೊಂಡು ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸಿಕೊಂಡೆ. ಸಾಹಸದ ದಿನಕ್ಕೆ ಒಂದು ಅಂಕಣ, ಪ್ರಕಟಣೆಯ ದಿನಕ್ಕೆ ಇನ್ನೊಂದು ಅಂಕಣ ಎಂದು ಹಾಳೆಯನ್ನು ಹೊಸದಾಗಿ ಗೆರೆ ಎಳೆದು ಮಾಡಿಕೊಂಡದ್ದು ಆಮೇಲೆ. ಕ್ರಾಸ್‌ನ ಹಿಂಬದಿಯ ವೃತ್ತದಲ್ಲಿ ಕೆತ್ತುವುದು ಸಾಹಸದ ದಿನವನ್ನೇ.

ಗೆಜೆಟ್‌ನ ಬರಹ ನಾಲ್ಕಾರು ಸಾಲು. ನೂರು ಗಜ ದೂರದಿಂದ ಬ್ರಿಟಿಷರ ಎದುರಾಳಿಗಳಾದ ಸುಮಾರು 40 ಬೋಯರ್ ಸೈನಿಕರು ಗುಂಡು ಹಾರಿಸುತ್ತಿದ್ದಾಗ ಈ ವೈದ್ಯ ಗಾಯಾಳುವೊಬ್ಬನ ಬಳಿ ಹೋಗಿ ಆರೈಕೆ ಮಾಡಿದರು. ಅನಂತರ ಗಾಯಗೊಂಡ ಅಧಿಕಾರಿಯೊಬ್ಬರನ್ನು ಸರಿಯಾಗಿ ಮಲಗಿಸುವಾಗ ಮೂರು ಗುಂಡು ತಗುಲಿತು. ಬಸವಳಿದು ಉರುಳುವ ತನಕ ಕೈಬಿಡಲಿಲ್ಲ. ಆ ಜಾಗದಲ್ಲಿದ್ದ ಎಂಟೂ ಜನ ಗಾಯಗೊಂಡಿದ್ದರು. ಉಳಿದವರೆಲ್ಲರಿಗೂ ನೀರು ಕೊಡುವವರೆಗೆ ಇವರು ನೀರು ಮುಟ್ಟಲಿಲ್ಲ.

ನೂರು ಗಜವೆಂದರೆ 91 ಮೀಟರ್. ಆಸ್ಪತ್ರೆಯ ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆದೆ. ಆ ತುದಿಯ ಬೇವಿನ ಮರದಡಿ ನಿಂತವರ ಅಂಗಿಯ ಗೆರೆಗಳೂ ಈ ತುದಿಗೆ ಕಾಣುತ್ತಿದ್ದವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ಮಾತು. ಬಹಳಷ್ಟು ರಕ್ತ ಹೋದವರ ಬಾಯಾರಿಕೆ ನಮ್ಮ ನಿಮ್ಮ ಬಾಯಾರಿಕೆಯಲ್ಲ. ಹಳಿಯ ಮೇಲೆ ಕಾಲು ಕಳೆದುಕೊಂಡು ಬಂದ ಗ್ಯಾಂಗ್‌ಮನ್‌ಗಳು ನೋವಿಗಿಂತ ಮೊದಲು ನೀರು ಕೇಳಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತುಟಿ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿ, ಕಣ್ಣು ನೀರಿನ ಪಾತ್ರೆಯನ್ನೇ ಹಿಂಬಾಲಿಸುತ್ತದೆ. ಆ ಸ್ಥಿತಿಯಲ್ಲಿ ಬೇಡವೆಂದವರು ಇವರು. ಗುಂಡಿನ ಎದುರು ನಡೆದದ್ದಕ್ಕಿಂತ ಇದೇ ದೊಡ್ಡದೆಂದು ನಾನು ನಂಬುತ್ತೇನೆ.

ಮುಂದಿನ ಎಳೆ ಬೇಗ ಸಿಕ್ಕಿತು. 1903ರಲ್ಲಿ ಶಸ್ತ್ರವೈದ್ಯರ ಉನ್ನತ ಅರ್ಹತೆಯಾದ ಎಫ್‌ಆರ್‌ಸಿಎಸ್, ಆಮೇಲೆ ಭಾರತದಲ್ಲಿ ರೈಲ್ವೆಯ ಕೆಲಸ, ನಡುವೆ ಬಾಲ್ಕನ್ ಯುದ್ಧದಲ್ಲಿ ರೆಡ್ ಕ್ರಾಸ್ ಪರವಾಗಿ ಸೇವೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ವಯಸ್ಸು 40. ಪ್ಯಾರಿಸ್‌ಗೆ ಹೋಗಿ ಅಲ್ಲಿನ ಬ್ರಿಟಿಷ್ ಕಾನ್ಸುಲೇಟ್‌ನಲ್ಲೇ ಹೆಸರು ಬರೆಸಿ, ಸೇನಾ ವೈದ್ಯದಳದ 5ನೆಯ ಫೀಲ್ಡ್ ಆಂಬುಲೆನ್ಸ್ ಎಂಬ ರಣರಂಗದ ವೈದ್ಯಕೀಯ ತುಕಡಿ ಸೇರಿಕೊಂಡರು. ಅಕ್ಟೋಬರ್ 29ರಿಂದ ನವೆಂಬರ್ 8ರವರೆಗೆ ಬೆಲ್ಜಿಯಂನ ಜೊನೆಬೆಕ್ ಬಳಿ, ಶತ್ರುವಿನ ಕಂದಕಗಳ ಅಂಚಿನಲ್ಲಿ ಬಿದ್ದಿದ್ದ ಗಾಯಾಳುಗಳನ್ನು ಎತ್ತಿ ತಂದರು.

ಎರಡನೆಯ ಸಲದ ಗೌರವ ಸಿಕ್ಕಿದ್ದು ಇದಕ್ಕೇ. ಇದರ ಗೆಜೆಟ್ ದಿನಾಂಕ 1915ರ ಫೆಬ್ರವರಿ 18. ಎಲ್ಲರೂ ‘ಬಾರ್’ ಎನ್ನುವುದನ್ನು ಅಂದಿನ ಗೆಜೆಟ್ ‘ಕ್ಲಾಸ್ಪ್’ ಎಂದು ಅಚ್ಚು ಹಾಕಿದೆ. ಎರಡನೆಯ ಸಲ ಗೆದ್ದವರಿಗೆ ಇನ್ನೊಂದು ಕ್ರಾಸ್ ಕೊಡುವುದಿಲ್ಲ, ರಿಬ್ಬನ್ನಿಗೆ ಒಂದು ಕಂಚಿನ ಪಟ್ಟಿ ಸೇರುತ್ತದೆ. ಇಂದಿನವರೆಗೂ ಅಂಥವರು ಮೂವರೇ: ಮಾರ್ಟಿನ್-ಲೀಕ್, ನೋಯೆಲ್ ಶವಾಸ್, ನ್ಯೂಜಿಲೆಂಡಿನ ಚಾರ್ಲ್ಸ್ ಅಪ್‌ಹ್ಯಾಮ್. ಮೊದಲಿಬ್ಬರೂ ವೈದ್ಯರು! 1917ರ ಆಗಸ್ಟ್‌ನಲ್ಲಿ ಶವಾಸ್ ಸಾಯುವ ಗಾಯದೊಂದಿಗೆ ಬೆಲ್ಜಿಯಂನ ಬ್ರಾಂಡ್‌ಹುಕ್‌ನ ಆಸ್ಪತ್ರೆ ಸೇರಿದಾಗ ಅವರನ್ನು ಸಾಗಿಸಿ ತಂದದ್ದು 46ನೆಯ ಫೀಲ್ಡ್ ಆಂಬುಲೆನ್ಸ್. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಮಾರ್ಟಿನ್-ಲೀಕ್. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಂಥ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ್ದಕ್ಕೆ ಕೊಟ್ಟ ಪದಕಗಳಿಗೆ ಪ್ರತಿಯೊಬ್ಬರ ಹೆಸರಿನ ಒಂದು ಸೂಚಿ ಚೀಟಿ ಇದೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಅದು ಡಬ್ಲ್ಯುಒ 372 ಸರಣಿ. ಸಿಪಾಯಿಗಳಿಗೆ ಆ ಪದಕಗಳು ತಾವಾಗಿಯೇ ಬಂದವು, ಅಧಿಕಾರಿಗಳು ಅರ್ಜಿ ಹಾಕಿ ಪಡೆಯಬೇಕಿತ್ತು. ಹಾಗಾಗಿ ಅಧಿಕಾರಿಯ ಚೀಟಿಯ ಹಿಂಬದಿಯಲ್ಲಿ ಎಷ್ಟೋ ಸಲ ವಿಳಾಸ ಇರುತ್ತದೆ. ಮುಂಬದಿ ನೋಡಿ ಮುಚ್ಚಿಡಬೇಡಿ.

ಈಗ ನನ್ನ ಹಾಳೆಯಲ್ಲಿ ವ್ಲಾಕ್‌ಫಾಂಟೈನ್‌ನ ಒಂದು ದಿನ ತುಂಬಿದೆ, ಜೊನೆಬೆಕ್‌ನ ಹನ್ನೊಂದು ದಿನಗಳು ತುಂಬಿವೆ. ಯುದ್ಧ ಮುಗಿದ ಮೇಲೆ ಅವರು ಮತ್ತೆ ಬಿಎನ್‌ಆರ್‌ಗೇ ಬಂದು 1930ರ ದಶಕದವರೆಗೂ ದುಡಿದರು. ಆ ದಶಕಗಳ ಸಾಲುಗಳು ಹೆಚ್ಚುಕಡಿಮೆ ಖಾಲಿ. ರೈಲ್ವೆ ವೈದ್ಯರ ದಿನಚರಿಯನ್ನು ಗೆಜೆಟ್ ಅಚ್ಚು ಹಾಕುವುದಿಲ್ಲ. ಬಿಎನ್‌ಆರ್‌ನ ಹಳೆಯ ವರದಿಗಳನ್ನು ಹುಡುಕುತ್ತಿದ್ದೇನೆ. ಯಾವ ನಿಲ್ದಾಣದ ಯಾವ ವಾರ್ಡಿನಲ್ಲಿ ಅವರು ಬೆಳಗಿನ ಸುತ್ತು ಹಾಕುತ್ತಿದ್ದರೆಂಬುದು ಗೊತ್ತಾದರೆ ಅಲ್ಲಿಗೆ ಹೋಗಿ ಬರುತ್ತೇನೆ.