ಒಣ ಗಾಳಿಯ ಕೋಣೆಯಲ್ಲಿ ಆರ್ಕಿಡ್ ಬೇರು ಉಳಿಸಿಕೊಳ್ಳುವುದು ಹೇಗೆ

ಎಸಿ ಅಥವಾ ಹೀಟರ್ ಓಡುವ ಕೋಣೆಯಲ್ಲಿ ಆರ್ಕಿಡ್ ಹಾಳಾಗುವುದು ಬಹಳ ಸಲ ಒಣಗಿ ಅಲ್ಲ, ಕೊಳೆತು. ಗಾಳಿ ಒಣಗಿದೆ ಅಂತ ನಾವು ದಿನಾ ನೀರು ಹಾಕುತ್ತೇವೆ. ಕುಂಡದ ಮೇಲ್ಭಾಗ ಬೇಗ ಒಣಗುತ್ತದೆ ನಿಜ, ಆದರೆ ನಡುಭಾಗ ಒದ್ದೆಯಾಗಿಯೇ ಇರುತ್ತದೆ, ಅಲ್ಲಿ ಬೇರಿಗೆ ಉಸಿರಾಡಲು ಜಾಗ ಇರುವುದಿಲ್ಲ. ಬೇರು ಕೊಳೆತರೆ ಎಲೆಗೆ ನೀರು ಹೋಗುವುದಿಲ್ಲ, ಎಲೆ ಸುಕ್ಕಾಗುತ್ತದೆ, ಅದನ್ನು ನೋಡಿ ನಾವು ಇನ್ನೂ ಜಾಸ್ತಿ ನೀರು ಸುರಿಯುತ್ತೇವೆ. ಎಲೆ ಸುಕ್ಕಾಗಿದೆ ಅಂದರೆ ನೀರು ಕಮ್ಮಿಯಾಗಿರಬಹುದು, ಹೆಚ್ಚೂ ಆಗಿರಬಹುದು. ಎಲೆ ನೋಡಿ ತೀರ್ಮಾನ ಮಾಡಬೇಡಿ, ಬೇರು ನೋಡಿ.

ನಾನಿಲ್ಲಿ ಹೇಳುತ್ತಿರುವುದು ಮನೆಗಳಲ್ಲಿ ಹೆಚ್ಚಾಗಿ ಇಡುವ ಫೆಲನಾಪ್ಸಿಸ್ ಅನ್ನುವ ಆರ್ಕಿಡ್ ಬಗ್ಗೆ. ಕಾಡಿನಲ್ಲಿ ಇದು ಮರದ ತೊಗಟೆ ಹಿಡಿದು ಬೆಳೆಯುವ ಗಿಡ, ಬೇರು ಗಾಳಿಯಲ್ಲೇ ಇರುತ್ತದೆ. ಬೇರಿನ ಸುತ್ತ ವೆಲಮೆನ್ ಅನ್ನುವ ಹೊದಿಕೆ ಇದೆ, ಸತ್ತ ಕೋಶಗಳ ಪದರ ಅದು, ಸ್ಪಂಜಿನ ಹಾಗೆ ನೀರು ಹೀರುತ್ತದೆ. ಒದ್ದೆಯಾದಾಗ ಅದರ ಮೂಲಕ ಒಳಗಿನ ಹಸಿರು ಕಾಣುತ್ತದೆ, ಒಣಗಿದಾಗ ಬೇರು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡ ಬಳಸಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಒಳಗಿನ ಬೇರು ಹಸಿರಾಗಿದ್ದರೆ ಸುಮ್ನೆ ಬಿಡಿ, ಹೆಚ್ಚಿನವು ಬೆಳ್ಳಗಾದಾಗ ನೀರು ಹಾಕಿ. ವಾರಕ್ಕೊಮ್ಮೆ ಅನ್ನುವ ಲೆಕ್ಕವೆಲ್ಲ ಒಣ ಕೋಣೆಯಲ್ಲಿ ನಡೆಯುವುದಿಲ್ಲ.

ನೀರು ಹಾಕುವಾಗ ಚಮಚದಲ್ಲಿ ಅಳೆದು ಹಾಕಬೇಡಿ. ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ಮರದ ತೊಗಟೆ ಚೂರು ಪೂರ್ತಿ ಒಣಗಿದ್ದರೆ ಅದು ನೀರನ್ನು ಹೀರುವುದೇ ಇಲ್ಲ, ಹಾಕಿದ್ದೆಲ್ಲ ಪಕ್ಕದಿಂದ ಇಳಿದು ಹೋಗುತ್ತದೆ. ಅದಕ್ಕೇ ಕುಂಡವನ್ನು ಬಕೆಟ್ ನೀರಿನಲ್ಲಿ 10–15 ನಿಮಿಷ ನೆನೆಸಿಟ್ಟು, ಆಮೇಲೆ ತೆಗೆದು, ಹನಿ ನಿಲ್ಲುವವರೆಗೂ ಸೋರಲು ಬಿಟ್ಟು, ಆಮೇಲಷ್ಟೇ ಚಂದದ ಹೊರಕುಂಡದೊಳಗೆ ಇಡಿ. ಹೊರಕುಂಡದ ತಳದಲ್ಲಿ ನೀರು ನಿಂತಿದ್ದರೆ ಮಾಡಿದ ಕೆಲಸವೆಲ್ಲ ದಂಡ. ಎಲೆಗಳ ನಡುವಿನ ಸುಳಿಯಲ್ಲೂ ನೀರು ನಿಲ್ಲಬಾರದು, ನಿಂತರೆ ಟಿಶ್ಯೂವಿನಿಂದ ಒರೆಸಿ.

ಬರೀ ತೊಗಟೆ ತೀರಾ ಬೇಗ ಒಣಗುತ್ತಿದೆಯಾ? ಸ್ವಲ್ಪ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಒಂದು ಬಗೆಯ ಪಾಚಿ) ಬೆರೆಸಿ, ಆದರೆ ಸಡಿಲವಾಗಿ. ಒತ್ತಿ ತುಂಬಿದರೆ ಮತ್ತೆ ಅದೇ ಕೊಳೆಯುವ ಕಥೆ.

ಇನ್ನು ಗಾಳಿ. ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಗಿಡದ ಪಕ್ಕದಲ್ಲಿಡಿ. 50 ಶೇಕಡಾ ಆಸುಪಾಸು ತೇವ ಇದ್ದರೆ ಗಿಡಕ್ಕೆ ಹಿತ, 40ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಹೊರಗೆ ಚಾಚಿದ ಬೇರಿನ ಹಸಿರು ತುದಿ ಮುಚ್ಚಿಕೊಂಡು ಬೆಳವಣಿಗೆ ನಿಲ್ಲಬಹುದು. ಸ್ಪ್ರೇ ಬಾಟಲಿಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಆ ತೇವ ಸ್ವಲ್ಪ ಹೊತ್ತಿನಲ್ಲೇ ಆರಿ ಹೋಗುತ್ತದೆ. ಬೆಣಚುಕಲ್ಲು ತುಂಬಿದ ನೀರಿನ ತಟ್ಟೆಯೂ ಅಂಥ ದೊಡ್ಡ ಬದಲಾವಣೆ ತರುವುದಿಲ್ಲ. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇದ್ದರೆ ಅದೇ ಸರಿ, ಇಲ್ಲದಿದ್ದರೆ ನಾಲ್ಕಾರು ಗಿಡಗಳನ್ನು ಒಟ್ಟಿಗೆ ಇಡಿ. ಅದಕ್ಕೂ ಮೊದಲು ಗಿಡವನ್ನು ಎಸಿ, ಹೀಟರ್‌ಗಳ ಗಾಳಿ ನೇರವಾಗಿ ಬಡಿಯುವ ಜಾಗದಿಂದ ಸರಿಸಿ, ಖರ್ಚೂ ಇಲ್ಲ ಅಲ್ವಾ? ಹೊರಗೆ ಚಾಚಿದ ಬೇರುಗಳನ್ನು ಬಗ್ಗಿಸಿ ಕುಂಡದೊಳಗೆ ತುರುಕಬೇಡಿ. ಗಾಳಿಗೆ ಒಗ್ಗಿದ ಬೇರು ಒಳಗೆ ಹೋದರೆ ಮುರಿಯುತ್ತದೆ, ಇಲ್ಲವೇ ಕೊಳೆಯುತ್ತದೆ.

ಒಣ ಕೋಣೆಯಲ್ಲಿ ಜನ ಗಮನಿಸದ ಇನ್ನೊಂದು ವಿಷಯ ಉಪ್ಪು. ನೀರು ಬೇಗ ಆವಿಯಾಗುತ್ತದೆ, ಗಡಸು ನೀರಿನ ಲವಣ ಮತ್ತು ಗೊಬ್ಬರದ ಲವಣ ಕುಂಡದಲ್ಲೇ ಉಳಿಯುತ್ತವೆ. ತೊಗಟೆ ಮೇಲೆ ಬಿಳಿ ಪುಡಿ, ಬೇರಿನ ತುದಿ ಕಂದು ಅಥವಾ ಕಪ್ಪು, ಇವು ಗುರುತು. ಗೊಬ್ಬರವನ್ನು ಪ್ಯಾಕೆಟ್ ಮೇಲೆ ಬರೆದದ್ದರ ಕಾಲುಭಾಗಕ್ಕೆ ಇಳಿಸಿ, ಒಣ ಬೇರಿಗೆ ಹಾಕದೆ ಮೊದಲು ನೀರು ಹಾಕಿ ಆಮೇಲೆ ಕೊಡಿ, ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಹರಿಸಿ ಕುಂಡ ತೊಳೆಯಿರಿ. ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು.

ತೊಗಟೆ ಒಂದೆರಡು ವರ್ಷಕ್ಕೆ ಪುಡಿಯಾಗುತ್ತದೆ, ಆಗ ಕುಂಡ ಬದಲಿಸಿ. ಹೂವು ಮುಗಿದು ಹೊಸ ಬೇರು ಚಿಗುರುವ ಹೊತ್ತು ಇದಕ್ಕೆ ಸರಿ. ಬೇರನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಬಣ್ಣ ಹೇಗೇ ಇರಲಿ, ಇಟ್ಟುಕೊಳ್ಳಿ. ಮೆತ್ತಗಾಗಿದ್ದರೆ, ಅಥವಾ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿದಿದ್ದರೆ, ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದುಹಾಕಿ. ಬೇರು ತೀರಾ ಕಮ್ಮಿ ಉಳಿದಿದ್ದರೆ ಗಿಡವನ್ನು ತುಸು ಒದ್ದೆ ಮಾಸ್ ಮೇಲೆ ಕೂರಿಸಿ, ಪಾರದರ್ಶಕ ಚೀಲದಲ್ಲಿ ಸಡಿಲವಾಗಿ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ, ದಿನಕ್ಕೊಮ್ಮೆ ತೆರೆದು ಗಾಳಿ ಆಡಿಸಿ. ಹೊಸ ಬೇರು ಬರಲು ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಗೊಬ್ಬರ ಬೇಡ.