ಮರದ ತೂಕ ಎಲ್ಲಿಂದ ಬಂತು?

ಪದವಿಯ ಮೊದಲ ಟೆಸ್ಟಿನಲ್ಲಿ ಒಂದು ಪ್ರಶ್ನೆ ಇತ್ತು: ಮರ ಅಷ್ಟು ದಪ್ಪ ಬೆಳೆಯುತ್ತದಲ್ಲ, ಆ ವಸ್ತುವೆಲ್ಲ ಎಲ್ಲಿಂದ ಬಂತು? "ಮಣ್ಣಿನಿಂದ" ಎಂದು ಬರೆದು ಸೊನ್ನೆ ತಗೊಂಡೆ. ಅದೇ ಪತ್ರಿಕೆಯಲ್ಲಿ ದ್ಯುತಿಸಂಶ್ಲೇಷಣೆಯ ಸಮೀಕರಣಕ್ಕೆ ಪೂರ್ತಿ ಅಂಕ! ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಎಲೆ ಬೆಳಕಿನಲ್ಲಿ ಸಕ್ಕರೆ ಮಾಡುತ್ತದೆ; ಮರದ ಬಹುಪಾಲು ವಸ್ತು ಅದೇ. ಉತ್ತರ ಆ ಸಮೀಕರಣದಲ್ಲೇ ಇತ್ತು, ನನಗೆ ಕಂಡಿರಲಿಲ್ಲ.

ಆಮೇಲೆ 17ನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್‌ನ ಪ್ರಯೋಗ ಓದಿ ಸ್ವಲ್ಪ ಸಮಾಧಾನವಾಯಿತು. ವಿಲೋ ಗಿಡವೊಂದನ್ನು ಕುಂಡದಲ್ಲಿ ನೆಟ್ಟು ಅವನು 5 ವರ್ಷ ಬರೀ ನೀರು ಹಾಕಿದ. ಗಿಡದ ತೂಕ ಸುಮಾರು 74 ಕೆಜಿ ಏರಿತು, ಮಣ್ಣಿನಲ್ಲಿ ಕಮ್ಮಿಯಾದದ್ದು 57 ಗ್ರಾಂನಷ್ಟು. ಎಲ್ಲ ನೀರಿನಿಂದಲೇ ಬಂತು ಅಂದುಕೊಂಡ. ಗಾಳಿಯ ಲೆಕ್ಕ ಅವನಿಗೂ ತಪ್ಪಿತ್ತು.

ಅಂದಿನಿಂದ ನೋಟ್ಸ್ ಬರೆಯುವ ರೀತಿ ಬದಲಾಯಿಸಿದೆ. ಒಂದು ಇಂಗಾಲದ ಪರಮಾಣುವನ್ನು ಹಿಡಿದುಕೊಂಡು, ಪ್ರತಿ ಅಧ್ಯಾಯದಲ್ಲೂ "ಈಗ ಇದು ಎಲ್ಲಿದೆ?" ಎಂದು ಕೇಳುತ್ತ ಹೋದೆ. ಎಲೆಯ ರಂಧ್ರದಿಂದ ಒಳಗೆ, ಕ್ಲೋರೋಪ್ಲಾಸ್ಟಿನಲ್ಲಿ (ಎಲೆಯ ಕೋಶದ ಹಸಿರು ಭಾಗ) ಸಕ್ಕರೆ, ಅಲ್ಲಿಂದ ಕೋಶದ ಗೋಡೆ ಕಟ್ಟುವ ಸೆಲ್ಯುಲೋಸ್. ಇಲ್ಲವೇ ಕಂಬಳಿಹುಳದ ಹೊಟ್ಟೆ, ಅದರ ಕೋಶಗಳಲ್ಲಿ ಸಕ್ಕರೆಯಿಂದ ಶಕ್ತಿ ತೆಗೆಯುವ ಮೈಟೊಕಾಂಡ್ರಿಯಾ, ಮತ್ತೆ ಗಾಳಿ. ಬೇರೆ ಬೇರೆ ಅಂದುಕೊಂಡಿದ್ದ ಮೂರು ಅಧ್ಯಾಯಗಳು ಒಂದೇ ಪುಟದಲ್ಲಿ ಕೂತವು.

ಇದರ ನಿಜವಾದ ಲಾಭ ತಿಳಿದದ್ದು ಕೊನೆಯ ಘಟಕ ಪರಿಸರ ವ್ಯವಸ್ಥೆಗೆ ಬಂದಾಗ. ಆಹಾರ ಸರಪಳಿಯ ಒಂದು ಹಂತದಿಂದ ಮುಂದಿನದಕ್ಕೆ ಸರಾಸರಿ 10 ಶೇಕಡ ಶಕ್ತಿ ಮಾತ್ರ ದಾಟುತ್ತದೆ ಎಂಬ ಮಾತನ್ನು ಎಲ್ಲರೂ ಉರು ಹೊಡೆಯುತ್ತಿದ್ದರು. (ಅದು ಸರಾಸರಿ ಅಷ್ಟೇ, ನಿಯಮವೇನಲ್ಲ.) ಉಳಿದದ್ದು ಎಲ್ಲಿ ಹೋಯಿತು? ಕಂಬಳಿಹುಳ ತಿಂದದ್ದರಲ್ಲಿ ಒಂದು ಪಾಲು ಜೀರ್ಣವಾಗದೆ ಹಿಕ್ಕೆಯಾಗುತ್ತದೆ. ಜೀರ್ಣವಾದದ್ದರಲ್ಲೂ ಬಹುಪಾಲು ಉಸಿರಾಟಕ್ಕೆ ಖರ್ಚು. ಗ್ಲೂಕೋಸ್ ಎಂಬ ಸಕ್ಕರೆಯ ಶಕ್ತಿಯಲ್ಲಿ ಎಟಿಪಿಗೆ (ಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡುವ ಶಕ್ತಿಯ ಅಣು) ಸೇರುವುದು ಅರ್ಧಕ್ಕಿಂತ ಕಡಿಮೆ, ಮಿಕ್ಕದ್ದು ಆಗಲೇ ಶಾಖ. ಆ ಎಟಿಪಿಯೂ ಬಳಕೆಯಾಗುತ್ತ ಕೊನೆಗೆ ಶಾಖವೇ. ಹಕ್ಕಿಗೆ ಸಿಗುವುದು ಹುಳದ ಮೈಯಲ್ಲಿ ಉಳಿದದ್ದು ಮಾತ್ರ. ಆಹಾರ ಸರಪಳಿ ಸಾಮಾನ್ಯವಾಗಿ ನಾಲ್ಕೈದು ಕೊಂಡಿಗೇ ಮುಗಿಯುವುದೇಕೆಂದು ಹೊಳೆದದ್ದು ಆಗ.

ಲ್ಯಾಬಿನ ಕಥೆ ಬೇರೆ. ಮೊದಲ ದಿನ ಈರುಳ್ಳಿ ಪೊರೆಯ ಸ್ಲೈಡಿನಲ್ಲಿ ದಪ್ಪ ಕಪ್ಪು ಅಂಚಿನ, ಗುಂಡಗಿನ "ಜೀವಕೋಶ"ವನ್ನು ಮುತುವರ್ಜಿಯಿಂದ ಬಿಡಿಸಿದೆ. ಅದು ಗಾಳಿಗುಳ್ಳೆ. ಮೇಲೆ ಮುಚ್ಚುವ ತೆಳು ಗಾಜು, ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು ಮೆಲ್ಲಗೆ ಇಳಿಸಬೇಕು ಎಂದು ಕಲಿತದ್ದು ಹಾಗೆ. ಇನ್ನೊಮ್ಮೆ ಕೆಂಪು ಈರುಳ್ಳಿಯ ಪೊರೆಗೆ ಉಪ್ಪುನೀರು ಬಿಟ್ಟು ಕಾದೆ. ಬಣ್ಣ ತುಂಬಿದ ಒಳಭಾಗ ಗೋಡೆ ಬಿಟ್ಟು ನಿಧಾನವಾಗಿ ಮುದುಡಿಕೊಂಡಿತು. ಉಪ್ಪು ಹೆಚ್ಚಿರುವ ಕಡೆಗೆ ಪೊರೆ ದಾಟಿ ನೀರು ಹರಿಯುವ ಆಸ್ಮೋಸಿಸ್ ಬಗ್ಗೆ ಮತ್ತೆ ಓದಬೇಕಾಗಲಿಲ್ಲ.

ಕೋಶವಿಭಜನೆ ಮಾತ್ರ ನನ್ನ ಇಂಗಾಲದ ದಾರಿಗೆ ಬರಲೇ ಇಲ್ಲ. ಅದನ್ನು ಹಳೇ ಪದ್ಧತಿಯಲ್ಲೇ ಬಾಯಿಪಾಠ ಮಾಡಿದೆ. ಬೇರಿನ ತುದಿಯ ಸ್ಲೈಡಿನಲ್ಲೋ, ಬಹುತೇಕ ಕೋಶಗಳು ವಿಭಜನೆ ಶುರುವೇ ಮಾಡದೆ ಸುಮ್ಮನೆ ಕೂತಿದ್ದವು. ಕ್ರೋಮೋಸೋಮುಗಳು ಎರಡು ಕಡೆಗೆ ಸರಿಯುವ ಹಂತವಾದ ಅನಾಫೇಸ್ ಒಂದನ್ನು ಹುಡುಕುವಷ್ಟರಲ್ಲಿ ಪೀರಿಯಡ್ ಮುಗಿದಿತ್ತು.