ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳುವುದು ಹೇಗೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿಯ ಲೆಕ್ಕವೆಲ್ಲ ಟ್ಯಾಲಿಯಲ್ಲಿರುತ್ತದೆ. ಪಿ.ಜೆ. ಬಡಾವಣೆಯ ಡಿಟಿಪಿ ಅಂಗಡಿಗೆ ಹೋದರೆ ವರ್ಷಗಟ್ಟಲೆಯ ಲಗ್ನಪತ್ರಿಕೆಗಳು ನುಡಿ ಫಾಂಟಿನಲ್ಲಿ, ಪೇಜ್‌ಮೇಕರ್ ಕಡತಗಳಲ್ಲಿ ಸಿಗುತ್ತವೆ. ಇವೆಲ್ಲ ವಿಂಡೋಸ್ ನಂಬಿಕೊಂಡವು. ಲಿನಕ್ಸ್ ಎಂದರೆ ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಇಂಥವರಿಗೆ ‘ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿ’ ಎಂದು ಉಪದೇಶಿಸುವವರು ಒಂದು ದಿನ ಅದೇ ಗಲ್ಲಾದ ಮುಂದೆ ಕುಳಿತು ನೋಡಬೇಕು. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು, ಕೆಲವೊಂದನ್ನು ಬಿಟ್ಟರೆ, ವಿಂಡೋಸ್ 11 ಒಪ್ಪುವುದಿಲ್ಲ.

ನಡುವಿನ ದಾರಿಯೆಂದರೆ ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳುವುದು. ಟ್ಯಾಲಿ, ಹಳೆಯ ನುಡಿ ಕಡತಗಳು ವಿಂಡೋಸ್‌ನಲ್ಲಿರಲಿ; ಬ್ಯಾಂಕು, ಇಮೇಲ್, ಇಂಟರ್‌ನೆಟ್ ಲಿನಕ್ಸ್‌ಗೆ ಹೋಗಲಿ. ಲಿನಕ್ಸ್‌ನಲ್ಲಿ ಹತ್ತಾರು ಬಗೆಗಳಿವೆ. ಹೊಸಬರಿಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್. ವಿಂಡೋಸ್ ಬಳಸಿದವರಿಗೆ ಅದರ ಮೆನು ಹುಡುಕಾಡಿಸುವುದಿಲ್ಲ, ಮಿಂಟ್ 22ಕ್ಕೆ 2029ರವರೆಗೆ ಬೆಂಬಲವೂ ಇದೆ. ರ್‍ಯಾಮ್ 4 ಜಿಬಿ ಮಾತ್ರ ಇದ್ದರೆ ‘ಎಕ್ಸ್‌ಎಫ್‌ಸಿಇ’ ಆವೃತ್ತಿ ಇಳಿಸಿಕೊಳ್ಳಿ, ಹೆಚ್ಚಿದ್ದರೆ ‘ಸಿನಮನ್’.

ಮೊದಲು ಮಾಡಬೇಕಾದದ್ದು

ಲಿನಕ್ಸ್ ಅಳವಡಿಸುವುದಕ್ಕೆ ಅರ್ಧ ಗಂಟೆ ಸಾಕು. ಅದಕ್ಕೆ ಮುಂಚಿನ ತಯಾರಿಗೆ ಒಂದು ಭಾನುವಾರವನ್ನೇ ಕೊಡಿ.

ಟ್ಯಾಲಿಯ ಡೇಟಾ, ಫೋಟೊ, ಕಡತಗಳನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಅದೇ ಡಿಸ್ಕಿನ ‘ಡಿ’ ಡ್ರೈವಿಗೆ ನಕಲಿಸಿದರೆ ಅದು ಬ್ಯಾಕಪ್ ಅಲ್ಲ. ನಕಲಾದ ಮೇಲೆ ಆ ಹಾರ್ಡ್ ಡಿಸ್ಕಿನಿಂದಲೇ ಎರಡು ಕಡತಗಳನ್ನು ತೆರೆದು ನೋಡಿ.

ಮುಂದಿನದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ಮಾಲೀಕರಿಗೇ ತಿಳಿಯದಂತೆ ಗೂಢಲಿಪಿಯಲ್ಲಿರುತ್ತದೆ. ಬೂಟ್ ವ್ಯವಸ್ಥೆಯಲ್ಲಿ, ಅಂದರೆ ಯಂತ್ರ ಆರಂಭವಾಗುವ ಕ್ರಮದಲ್ಲಿ, ಏನಾದರೂ ಬದಲಾದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಆಫ್ ಮಾಡಿ, ಅದು ಪೂರ್ತಿ ಬಿಡಿಸಿಕೊಳ್ಳುವವರೆಗೂ ಕಾಯಿರಿ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬುದೊಂದು ಇರುತ್ತದೆ. ಅದನ್ನೂ ತೆಗೆಯಿರಿ. ಅದು ಇದ್ದಷ್ಟು ದಿನ ‘ಶಟ್‌ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ; ಆಗ ಲಿನಕ್ಸ್‌ನಿಂದ ‘ಸಿ’ ಡ್ರೈವಿನ ಕಡತಗಳನ್ನು ಓದಬಹುದೇ ಹೊರತು ಬರೆಯಲು ಬರುವುದಿಲ್ಲ.

ಜಾಗ ಬಿಡಿಸುವುದು

ವಿಂಡೋಸ್‌ನ ಜಾಗವನ್ನು ವಿಂಡೋಸ್‌ನಿಂದಲೇ ಕಡಿಮೆ ಮಾಡಿಸಿ. ಲಿನಕ್ಸ್ ಇನ್‌ಸ್ಟಾಲರ್ ಕೂಡ ಈ ಕೆಲಸ ಮಾಡಬಲ್ಲದು, ಆದರೆ ತನ್ನ ಕಡತಗಳು ಎಲ್ಲೆಲ್ಲಿ ಕುಳಿತಿವೆ ಎಂಬುದು ವಿಂಡೋಸ್‌ಗೇ ಚೆನ್ನಾಗಿ ಗೊತ್ತು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಸಿ’ ಮೇಲೆ ಬಲ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಅಲ್ಲಿ ಲೆಕ್ಕ ಇರುವುದು ಎಂಬಿಯಲ್ಲಿ: 60 ಜಿಬಿ ಬೇಕಿದ್ದರೆ 61440 ಎಂದು ಬರೆಯಬೇಕು. ಮಿಂಟ್‌ಗೆ 20 ಜಿಬಿ ಕನಿಷ್ಠ. 60ಕ್ಕಿಂತ ಕಡಿಮೆ ಕೊಟ್ಟು ಮುಂದೆ ಪರದಾಡುವುದು ಬೇಡ.

ಡ್ರೈವಿನಲ್ಲಿ 200 ಜಿಬಿ ಖಾಲಿಯಿದ್ದರೂ ಕೆಲವೊಮ್ಮೆ ಐದೋ ಹತ್ತೋ ಜಿಬಿ ಮಾತ್ರ ಬಿಡಿಸಬಹುದು ಎಂದು ತೋರಿಸುತ್ತದೆ. ಸ್ಥಳ ಬದಲಿಸಲಾಗದ ಕಡತಗಳು ಡಿಸ್ಕಿನ ಕೊನೆಯಲ್ಲಿ ಕುಳಿತಿರುವುದೇ ಇದಕ್ಕೆ ಕಾರಣ. ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಬಿಡಿಸಿದ ಜಾಗ ಕಪ್ಪು ಪಟ್ಟಿಯಡಿ ‘ಅನ್‌ಅಲೊಕೇಟೆಡ್’ ಎಂದು ಕಾಣಿಸಿಕೊಂಡರೆ ಕೆಲಸ ಆಯಿತು. ಅದಕ್ಕೆ ಹೊಸ ಡ್ರೈವ್ ಅಕ್ಷರ ಕೊಡಲು ಹೋಗಬೇಡಿ.

ಬೇಸಿಗೆಯ ಮಧ್ಯಾಹ್ನ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಇದಕ್ಕೆ ಕೈ ಹಾಕಬೇಡಿ. ಪಾರ್ಟಿಶನ್ (ಡಿಸ್ಕಿನ ವಿಭಾಗ) ಬದಲಾಗುತ್ತಿರುವಾಗ ಕರೆಂಟು ಹೋದರೆ ಬ್ಯಾಕಪ್ ಒಂದೇ ಗತಿ.

ಪೆನ್ ಡ್ರೈವ್ ಮತ್ತು ಪರೀಕ್ಷೆ

ಇಡೀ ಮಿಂಟ್ ‘ಐಎಸ್‌ಒ’ ಎಂಬ ಒಂದೇ ಕಡತವಾಗಿ ಸಿಗುತ್ತದೆ, ಸುಮಾರು 3 ಜಿಬಿ ಇರುತ್ತದೆ. 8 ಜಿಬಿಯ ಪೆನ್ ಡ್ರೈವ್ ಚುಚ್ಚಿ, ರುಫಸ್ ಎಂಬ ಉಚಿತ ತಂತ್ರಾಂಶದಿಂದ ಐಎಸ್‌ಒ ಕಡತವನ್ನು ಅದಕ್ಕೆ ಬರೆಯಿರಿ. ಪೆನ್ ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಯಂತ್ರ ಆರಂಭಿಸುವಾಗ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತದೆ. ಪೆನ್ ಡ್ರೈವ್ ಆರಿಸಿದರೆ ಏನನ್ನೂ ಅಳವಡಿಸದೆಯೇ ಮಿಂಟ್ ತೆರೆದುಕೊಳ್ಳುತ್ತದೆ. ಅವಸರ ಮಾಡದೆ ವೈಫೈ, ಧ್ವನಿ, ಪ್ರಿಂಟರ್ ಎಲ್ಲವನ್ನೂ ಇಲ್ಲೇ ಪರೀಕ್ಷಿಸಿ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ.

ಅಳವಡಿಕೆ

ಪರದೆಯ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಒತ್ತಿ. ಭಾಷೆ, ಕೀಬೋರ್ಡ್ ಪ್ರಶ್ನೆಗಳು ದಾಟಿದ ಮೇಲೆ ‘ಇನ್‌ಸ್ಟಾಲೇಶನ್ ಟೈಪ್’ ಪುಟ ಬರುತ್ತದೆ. ಇಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು ಎರಡು ಸಲ ಓದಿ. ‘ಇರೇಸ್ ಡಿಸ್ಕ್’ ಎಂಬುದು ವಿಂಡೋಸ್ ಸಮೇತ ಎಲ್ಲವನ್ನೂ ಒರೆಸಿಹಾಕುತ್ತದೆ. ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಸುಲಭ. ಆದರೆ ನನಗೆ ‘ಸಮ್‌ಥಿಂಗ್ ಎಲ್ಸ್’ ಮೇಲೆಯೇ ಹೆಚ್ಚು ನಂಬಿಕೆ, ಏಕೆಂದರೆ ಅಲ್ಲಿ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ‘ಫ್ರೀ ಸ್ಪೇಸ್’ ಸಾಲಿನಲ್ಲಿ ನೀವು ಬಿಡಿಸಿದ ಸುಮಾರು 60 ಜಿಬಿ ಇದೆಯೇ ನೋಡಿ, ಅದನ್ನು ಆರಿಸಿ ಕೂಡು ಚಿಹ್ನೆ ಒತ್ತಿ, ಮಾದರಿಯನ್ನು ‘ಇಎಕ್ಸ್‌ಟಿ4’ (ext4) ಎಂದೂ ಮೌಂಟ್ ಪಾಯಿಂಟನ್ನು ಬರಿಯ ಓರೆಗೆರೆ (/) ಎಂದೂ ಕೊಡಿ. ‘ಇಎಫ್‌ಐ’ ಎಂಬ ಪುಟ್ಟ ಪಾರ್ಟಿಶನ್ ಯಂತ್ರ ಆರಂಭವಾಗುವುದಕ್ಕೆಂದು ವಿಂಡೋಸ್ ಮಾಡಿಟ್ಟದ್ದು. ಲಿನಕ್ಸ್ ಅದನ್ನೇ ಹಂಚಿಕೊಳ್ಳುತ್ತದೆ. ಫಾರ್ಮ್ಯಾಟ್ ಗುರುತು ಮಾತ್ರ ಅದರ ಮೇಲೆ ಬೀಳಬಾರದು. ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್ಸ್‌ನಲ್ಲಿ) ಅದು ಇಂಟೆಲ್‌ನ ರೈಡ್ ವಿಧಾನದಲ್ಲಿರಬಹುದು. ಅದನ್ನು ಎಎಚ್‌ಸಿಐಗೆ ನೇರವಾಗಿ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು, ಹಾಗಾಗಿ ಅಲ್ಲಿಗೆ ನಿಲ್ಲಿಸಿ ತಿಳಿದವರನ್ನು ಕರೆಯಿರಿ.

ನಡುವೆ ಸೆಕ್ಯೂರ್ ಬೂಟ್‌ಗೆಂದು (ನಂಬಿಕೆಯಿಲ್ಲದ ತಂತ್ರಾಂಶದಿಂದ ಯಂತ್ರ ಆರಂಭವಾಗದಂತೆ ತಡೆಯುವ ಕಾವಲು) ಹೊಸದೊಂದು ಪಾಸ್‌ವರ್ಡ್ ಕೇಳಬಹುದು. ಹಾಗೆ ಕೇಳಿದರೆ ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಎದುರಾಗುತ್ತದೆ. ಗಾಬರಿ ಬೇಡ, ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ.

ಆಮೇಲಿನ ತಕರಾರುಗಳು

ಮುಂದೆ ಯಂತ್ರ ಆನ್ ಮಾಡಿದಾಗ ಗ್ರಬ್ ಎಂಬ ಮೆನು ಕೆಲವು ಸೆಕೆಂಡ್ ಕಾದು, ನೀವೇನೂ ಒತ್ತದಿದ್ದರೆ ಲಿನಕ್ಸ್‌ಗೆ ಹೋಗುತ್ತದೆ. ಮೆನು ಬಾರದೆ ನೇರ ವಿಂಡೋಸ್ ತೆರೆದರೆ ಬಯೋಸ್‌ನ ಬೂಟ್ ಪಟ್ಟಿಯಲ್ಲಿ ‘ಉಬುಂಟು’ ಎಂಬುದನ್ನು ಮೇಲಕ್ಕೆ ತನ್ನಿ. ಮಿಂಟ್ ಅಲ್ಲಿ ಆ ಹೆಸರಿನಲ್ಲೇ ಇರುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ನಂತರವೂ ಹೀಗಾಗುವುದುಂಟು.

ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಓಡತೊಡಗಿದರೆ ಬ್ಯಾಟರಿ ಬದಲಿಸಲು ಹೋಗಬೇಡಿ. ಯಂತ್ರದ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ವೇಳೆಯಲ್ಲಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ವೇಳೆಯೆಂದು ಓದುತ್ತದೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿಯಲ್ಲಿ) ‘timedatectl set-local-rtc 1’ ಎಂಬ ಆಜ್ಞೆ ಕೊಟ್ಟು ‘ಲೋಕಲ್ ಆರ್‌ಟಿಸಿ’ ಆನ್ ಮಾಡಿದರೆ ಸರಿಹೋಗುತ್ತದೆ.

ನುಡಿಯಲ್ಲಿ ಕೈ ಪಳಗಿದವರು ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ‘ಕನ್ನಡ ಕಗಪ’ ಸೇರಿಸಿಕೊಳ್ಳಬಹುದು. ಅದು ಯೂನಿಕೋಡ್ ಅಕ್ಷರಗಳನ್ನೇ ಮೂಡಿಸುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ತಿದ್ದಬೇಕಾದಾಗ ವಿಂಡೋಸ್‌ಗೇ ಹೋಗಿ.

ಬೇಡವೆನಿಸಿ ಲಿನಕ್ಸ್ ತೆಗೆಯುವುದಾದರೆ ಮೊದಲು ಬಯೋಸ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತನ್ನಿ, ವಿಂಡೋಸ್ ತಾನಾಗಿ ತೆರೆಯುತ್ತದೆಯೇ ನೋಡಿ, ಪಾರ್ಟಿಶನ್ ಅಳಿಸುವುದು ಅದಾದ ಮೇಲೆ.